ಹೊರಡುವ ಮುನ್ನ ಕಟ್ಟೆಯ ಹೊರಹರಿವು ನೋಡಿ

ಕನ್ನಂಬಾಡಿ ಕಟ್ಟೆಯಿಂದ (ಕೆಆರ್‌ಎಸ್) ಗಗನಚುಕ್ಕಿ ಜಲಪಾತದವರೆಗೆ ಕಾವೇರಿ ದಂಡೆ ಹಿಡಿದು ಹೋಗುವ ಆಸೆಯಿದ್ದರೆ ಮೊದಲು ಪೇಪರು ತೆಗೆದು ಕಟ್ಟೆಯ ಹೊರಹರಿವು ಎಷ್ಟು ಕ್ಯೂಸೆಕ್ ಎಂದು ನೋಡಿ. ಗರಿಷ್ಠ ಮಟ್ಟ 124.80 ಅಡಿ. ಅದರ ಹತ್ತಿರಕ್ಕೆ ಬಂದು ಒಳಹರಿವೂ ಜೋರಿದ್ದರೆ ಹೊಳೆಗೆ ನೀರು ಬಿಡುತ್ತಾರೆ. ನಾವು ಇದ್ಯಾವುದನ್ನೂ ನೋಡದೆ ಆಗಸ್ಟಿನಲ್ಲಿ ಹೊರಟೆವು. ರಂಗನತಿಟ್ಟಿನಲ್ಲಿ ದೋಣಿ ಬಂದ್, ತಿಟ್ಟುಗಳೇ ಅರ್ಧ ಮುಳುಗಿದ್ದವು. ಹಕ್ಕಿಗಾಗಿಯೇ ಹೋಗುವವರು ಸಂಕ್ರಾಂತಿ ಕಳೆದ ಮೇಲೆ ಹೋಗಿ, ಗೂಡು-ಮರಿ ಎಲ್ಲ ಕಾಣುತ್ತವೆ.

ಶ್ರೀರಂಗಪಟ್ಟಣದಲ್ಲಿ ಗುಂಬಜ್, ನಿಮಿಷಾಂಬ ಎಂದು ಎಲ್ಲರೂ ಓಡುತ್ತಾರೆ. ಬಂಗಾರದೊಡ್ಡಿ ನಾಲೆಯನ್ನೂ ನೋಡಿ: ಹೊಳೆಯ ಮೇಲೇ ಕಾಲುವೆ ಹಾಯಿಸಿ ಪಟ್ಟಣಕ್ಕೆ ನೀರು ತಂದಿದ್ದಾರೆ, ಅದೂ ಒಡೆಯರ ಕಾಲದಲ್ಲಿ.

ಅಲ್ಲಿಂದ ಹೆದ್ದಾರಿ ಬಿಟ್ಟು ಬನ್ನೂರು ರಸ್ತೆ ಹಿಡಿಯಿರಿ. ಮಾಂಸ ತಿನ್ನುವವರು ಊಟ ಬನ್ನೂರಿಗೇ ಇಟ್ಟುಕೊಳ್ಳಿ, ಕುರಿಗೆ ಹೆಸರಾದ ಊರು. ತಿ. ನರಸೀಪುರದಲ್ಲಿ ಕಪಿಲೆ ಬಂದು ಸೇರುವ ಜಾಗಕ್ಕೆ ಹತ್ತು ನಿಮಿಷ ಸಾಕು.

ತಲಕಾಡಿಗೆ ನಡುಮಧ್ಯಾಹ್ನ ಹೋಗಬೇಡಿ. ಗುಡಿಗೆಂದು ಚಪ್ಪಲಿ ಬಿಟ್ಟು ಮರಳಿಗೆ ಕಾಲಿಟ್ಟ ನನ್ನ ಹೆಂಡತಿ, ಅಲಮೇಲಮ್ಮನ ಶಾಪ ನನಗ್ಯಾಕೆ ತಟ್ಟಬೇಕು ಎಂದು ನೆರಳಿಂದ ನೆರಳಿಗೆ ಜಿಗಿದಳು. ದಡದಲ್ಲಿ ಒಬ್ಬರು ಹರಿಗೋಲು ಬೋರಲು ಹಾಕಿ, ತಳಕ್ಕೆ ಡಾಂಬರು ಸವರುತ್ತಿದ್ದರು. ಬಿದಿರ ಹೆಣಿಗೆಯ ಮೇಲೆ ಗೊಬ್ಬರದ ಚೀಲ, ಅದರ ಮೇಲೆ ಡಾಂಬರು.

"ಹೋಗಕ್ಕಾಯ್ತದ ಯಜಮಾನ್ರೆ?" ಅಂದೆ.

"ಎಲ್ಲಾಯ್ತದೆ ಸಾ? ಕಟ್ಟೇಲಿ ನೀರ್ ಬುಟ್ಟವ್ರೆ. ಬುಡ್ಲಿ ಬುಡಿ, ನಮ್ಮ ಭಾವುನ್ ಗದ್ದೆ ನಾಟಿ ಆಗ್ಬೇಕಲ್ಲ."

ಅವರ ಕೂಲಿ ನಿಂತಿತ್ತು, ಭಾವನ ಗದ್ದೆಯಲ್ಲಿ ಕೆಲಸ ಶುರುವಾಗಿತ್ತು. ನಮಗೂ ಹಾಗೇ ಆಯಿತು: ರಂಗನತಿಟ್ಟಿನಲ್ಲಿ ಕಳೆದದ್ದು ಗಗನಚುಕ್ಕಿಯಲ್ಲಿ ಸಿಕ್ಕಿತು. ಇಲ್ಲಿಯ ನೀರನ್ನು 1902ರಿಂದಲೂ ಕರೆಂಟಿಗೆ ತಿರುಗಿಸುತ್ತಾರೆ, ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಹಾಗಾಗಿ ಬೇಸಿಗೆಯಲ್ಲಿ ಬರೀ ಬಂಡೆ. ಆವತ್ತು ಮಾತ್ರ ಕಟಕಟೆಯ ಹತ್ತಿರ ನಿಂತವರ ಕನ್ನಡಕವೆಲ್ಲ ಒದ್ದೆ.

ಭರಚುಕ್ಕಿ ಎದುರಿಗೇ ಇದೆ ಅಂದುಕೊಳ್ಳಬೇಡಿ. ಅದು ಚಾಮರಾಜನಗರ ಜಿಲ್ಲೆಯ ಕಡೆ, ಸುತ್ತಿಕೊಂಡೇ ಹೋಗಬೇಕು. ನಾವು ಟೀ ಕುಡಿಯುತ್ತ ಕೂತು, ತಲುಪುವಷ್ಟರಲ್ಲಿ ಕತ್ತಲಾಗಿ, ಸದ್ದು ಮಾತ್ರ ಕೇಳಿಸಿಕೊಂಡು ಬಂದೆವು.