ಭಾವಗೀತೆ ಕ್ಯಾಸೆಟ್‌ಗಳ ಜೊತೆ ಒಂದು ಭಾನುವಾರ

17 ಆಗಸ್ಟ್ 2025, ಭಾನುವಾರ

ಬೆಳಗ್ಗೆಯಿಂದ ಜಿಟಿಜಿಟಿ ಮಳೆ. ಟೇಪ್ ರೆಕಾರ್ಡರ್ ಹೋದ ವಾರವಷ್ಟೇ ರಿಪೇರಿಯಾಗಿ ಬಂದಿತ್ತು. ಹತ್ತಿಗೆ ಸ್ಪಿರಿಟ್ ಹಚ್ಚಿ ಹೆಡ್ ಒರೆಸಿ, ಅಟ್ಟದ ಮೇಲಿದ್ದ ಭಾವಗೀತೆ ಕ್ಯಾಸೆಟ್‌ಗಳನ್ನೆಲ್ಲ ಇಳಿಸಿದೆ.

ಮೊದಲು ಹಾಕಿದ್ದು ‘ನಿತ್ಯೋತ್ಸವ’. 1978ರಲ್ಲಿ ಬಂದಿದ್ದು. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಅಂತಲೇ ಹೆಸರುವಾಸಿ. ಕವಿತೆ ನಿಸಾರ್ ಅಹಮದ್ ಅವರದು, ಸಂಗೀತ ಮೈಸೂರು ಅನಂತಸ್ವಾಮಿ ಅವರದು. ನನ್ನ ಹತ್ತಿರ ಇರೋ ಟೇಪಿನಲ್ಲಿ ಒಂದು ವಿಚಿತ್ರ ಇದೆ. ಹಾಡು ಶುರುವಾಗುವ ಸ್ವಲ್ಪ ಮೊದಲು ಅದೇ ಹಾಡು ತೀರಾ ಸಣ್ಣಗೆ, ದೂರದಲ್ಲೆಲ್ಲೋ ಕೇಳಿಸುತ್ತದೆ. ವರ್ಷಗಟ್ಟಲೆ ಬಿಗಿಯಾಗಿ ಸುತ್ತಿಟ್ಟ ಟೇಪಿನಲ್ಲಿ ಒಂದು ಸುತ್ತಿನ ಅಯಸ್ಕಾಂತದ ಗುರುತು ಪಕ್ಕದ ಸುತ್ತಿಗೂ ಹತ್ತಿಕೊಳ್ಳುತ್ತದೆ, ಅದಕ್ಕೇ ಹಾಗೆ. ನನಗೆ ಅದು ಇಷ್ಟ.

ಅನಂತಸ್ವಾಮಿ ಅವರ ರಾಗಸಂಯೋಜನೆಯಲ್ಲಿ ಮಾತು ಮುಂದೆ, ವಾದ್ಯ ಹಿಂದೆ. ಒಂದು ಪದವೂ ಮಸುಕಾಗುವುದಿಲ್ಲ. ಗಾಯಕ, ರಾಗಸಂಯೋಜಕ ಸಿ. ಅಶ್ವತ್ಥ್ ಅವರ ದಾರಿಯೇ ಬೇರೆ. ‘ಕಾಣದ ಕಡಲಿಗೆ’ ಹಾಡಿನಲ್ಲಿ ಅವರ ದನಿ ಮೇಲಕ್ಕೇರಿದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಕೂರಬೇಕಾಯಿತು. ಇಬ್ಬರಲ್ಲಿ ಯಾರು ಮೇಲು ಅಂತ ವಾದ ಮಾಡೋರು ಈಗಲೂ ಇದ್ದಾರೆ. ನನಗೆ ಇಬ್ಬರೂ ಬೇಕು.

ಆದರೆ ಇವತ್ತು ಹಾಡಿನಷ್ಟೇ ಹಿಡಿದಿಟ್ಟಿದ್ದು ಡಬ್ಬಿಯೊಳಗಿನ ಮಡಚಿದ ಕಾಗದ. ಎ ಸೈಡ್, ಬಿ ಸೈಡ್, ಪ್ರತಿ ಹಾಡಿನ ಪಕ್ಕದಲ್ಲಿ ಕವಿಯ ಹೆಸರು, ಹಾಡಿದವರ ಹೆಸರು. ಮೊಬೈಲಿನಲ್ಲಿ ‘ಕಾಣದ ಕಡಲಿಗೆ’ ಹುಡುಕಿದರೆ ಎಷ್ಟೋ ಕಡೆ ಅಶ್ವತ್ಥ್ ಒಬ್ಬರೇ ಸಿಗುತ್ತಾರೆ, ಕವಿತೆ ಬರೆದ ಜಿ.ಎಸ್. ಶಿವರುದ್ರಪ್ಪ ಕಾಣಿಸುವುದೇ ಇಲ್ಲ. ಇದು ನನಗೆ ನಿಜವಾಗಿ ನೋವಿನ ವಿಷಯ. ಕವಿತೆ ಇಲ್ಲದೆ ಭಾವಗೀತೆ ಎಲ್ಲಿಂದ ಬರಬೇಕು? ಶಿಶುನಾಳ ಶರೀಫರು ತೀರಿಕೊಂಡಿದ್ದು 1889ರಲ್ಲಿ. ಅವರ ತತ್ವಪದಗಳು ನಮ್ಮ ಹಳೇ ಮೈಸೂರು ಕಡೆಯ ಮನೆಮನೆಗೂ ಬಂದಿದ್ದು ಅಶ್ವತ್ಥ್ ಹಾಡಿದ ಮೇಲೆ. ಆಗ ಕ್ಯಾಸೆಟ್ ಮೇಲೆಯೇ ದಪ್ಪ ಅಕ್ಷರದಲ್ಲಿ ಶರೀಫರ ಹೆಸರಿತ್ತು, ಅಲ್ವಾ?

ಮಧ್ಯಾಹ್ನ ‘ಮೈಸೂರು ಮಲ್ಲಿಗೆ’. ಕೆ.ಎಸ್. ನರಸಿಂಹಸ್ವಾಮಿ ಅವರ ಪುಸ್ತಕ 1942ರದ್ದು, ಅಶ್ವತ್ಥ್ ಅದಕ್ಕೆ ರಾಗ ಹಾಕಿದ್ದು ಎಷ್ಟೋ ವರ್ಷದ ಮೇಲೆ. ‘ರಾಯರು ಬಂದರು ಮಾವನ ಮನೆಗೆ’ ಒಂದು ಇಡೀ ಕಥೆ. ಅಳಿಯ ರಾತ್ರಿ ಹೊತ್ತು ಬರುತ್ತಾನೆ. ಎಲ್ಲರೂ ಉಪಚಾರ ಮಾಡುತ್ತಾರೆ, ಹೆಂಡತಿ ಮಾತ್ರ ಕಾಣಿಸುವುದಿಲ್ಲ. ಮುನಿಸಿಕೊಂಡು ಬೆಳಗ್ಗೆ ಹೊರಟು ನಿಂತವನ ಕೋಣೆಗೆ ಪದುಮಳು ಹೂ ಮುಡಿದು ಬರುತ್ತಾಳೆ. ಆ ಮುನಿಸು ಕೇಳದೆ ಈ ಹೂವಿನ ಸೊಗಸು ಹೇಗೆ ಗೊತ್ತಾಗಬೇಕು? ರೀಲ್ಸ್‌ನಲ್ಲಿ ಮೊದಲ ಎರಡು ಸಾಲು ಕತ್ತರಿಸಿ ಹಾಕುತ್ತಾರೆ. ಪೂರ್ತಿ ಕೇಳಿ, ದಯವಿಟ್ಟು.

ಸಂಜೆ ಒಂದೊಂದನ್ನೇ ಕಂಪ್ಯೂಟರಿಗೆ ಇಳಿಸೋಕೆ ಶುರು ಮಾಡಿದೆ. ಫೈಲಿನ ಹೆಸರಿನಲ್ಲಿ ಮೊದಲು ಕವಿ, ಆಮೇಲೆ ರಾಗಸಂಯೋಜನೆ, ಆಮೇಲೆ ಗಾಯಕರು. ಹೆಸರು ಅಳಿಸಿಹೋದ ಒಂದು ಕ್ಯಾಸೆಟ್‌ನ ಕಾಗದವನ್ನು ಹುಳು ತಿಂದಿದೆ. ಅದರಲ್ಲಿನ ಒಂದು ಹಾಡಿನ ಕವಿ ಯಾರು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಮೊದಲ ನಾಲ್ಕು ಸಾಲು ಬರೆದಿಟ್ಟುಕೊಂಡಿದ್ದೇನೆ. ಮಂಗಳವಾರ ಲೈಬ್ರರಿಗೆ ಹೋಗಿ ಕವನ ಸಂಕಲನಗಳನ್ನು ತಿರುವಿ ಹಾಕಬೇಕು.