ಸತ್ತ ಮೇಲೆ ಏನು? ರಕ್ತ ತೆಗೆಯುವವಳನ್ನು ಕೇಳಬೇಡಿ

ಮೊದಲು ಉತ್ತರ ಹೇಳಿಬಿಡುತ್ತೇನೆ. ಅಷ್ಟೇ ಬೇಕಾದವರು ಓದಿ ಹೋಗಬಹುದು.

ರಕ್ತಪಿಶಾಚಿ ಇಲ್ಲ. ದೆವ್ವ ನಾನು ನೋಡಿಲ್ಲ. ಆತ್ಮಕ್ಕೆ ನಮ್ಮ ಲ್ಯಾಬಿನಲ್ಲಿ ಟೆಸ್ಟ್ ಇಲ್ಲ. ರೇಟ್ ಲಿಸ್ಟಿನಲ್ಲಿ ಥೈರಾಯ್ಡ್ ಆದ ಮೇಲೆ ಯೂರಿನ್ ಬರುತ್ತದೆ, ನಡುವೆ ಏನೂ ಇಲ್ಲ.

ಕಾರವಾರದಲ್ಲಿ ಹನ್ನೊಂದು ವರ್ಷದಿಂದ ನಾನು ಮಾಡುತ್ತಿರುವುದು ರಕ್ತ ತೆಗೆಯುವ ಕೆಲಸ. ಪ್ರಶ್ನೆ ಬರುವ ರೀತಿ ಯಾವಾಗಲೂ ಒಂದೇ. ತೋಳು ಚಾಚುತ್ತಾರೆ. ರಬ್ಬರ್ ಪಟ್ಟಿ ಬಿಗಿಯುವಾಗ ಮುಖ ಗೋಡೆ ಕಡೆ ತಿರುಗಿಸುತ್ತಾರೆ. ಆಮೇಲೆ ಗೋಡೆಗೇ ಹೇಳುವಂತೆ, "ಮೇಡಂ, ನೀವು ಸೈನ್ಸ್ ಓದಿದವರು. ಆದ್ರೂ ಕೇಳ್ತೇನೆ, ಸತ್ತ ಮೇಲೆ ಏನಾದ್ರೂ ಇರಬೇಕಲ್ವಾ?"

ನನಗೆ ಸಿಟ್ಟು ಬರುವುದು ಆ "ಆದ್ರೂ" ಮೇಲೆ. ಇನ್ನೂ ಜಾಸ್ತಿ ಸಿಟ್ಟು "ಇರಬೇಕಲ್ವಾ" ಮೇಲೆ. ಅದು ಪ್ರಶ್ನೆ ಅಲ್ಲ. ತೀರ್ಮಾನ ಮನೆಯಲ್ಲೇ ಮಾಡಿಕೊಂಡು, ಸೀಲು ಹಾಕಿಸಲು ನನ್ನ ಹತ್ತಿರ ಬಂದಿರುತ್ತಾರೆ. ನಚಿಕೇತ ಇದನ್ನೇ ಯಮನ ಹತ್ತಿರ ಕೇಳಿದ. ಯಮ ಏನು ಮಾಡಿದ? ಬೇರೆ ಏನಾದರೂ ಕೇಳು ಮಾರಾಯಾ, ಆನೆ ಕೊಡುತ್ತೇನೆ, ಕುದುರೆ ಕೊಡುತ್ತೇನೆ ಎಂದು ತಪ್ಪಿಸಿಕೊಳ್ಳಲು ನೋಡಿದ. ಯಮನಿಗೇ ಬೇಡವಾದ ಪ್ರಶ್ನೆಯನ್ನು ಫಾಸ್ಟಿಂಗ್ ಶುಗರ್‌ಗೆ ಬಂದವರು ನನಗೆ ಕೇಳುತ್ತಾರೆ. ಆನೆ ನನ್ನ ಹತ್ತಿರ ಇಲ್ಲ. ಹತ್ತಿ ಇದೆ, ಒತ್ತಿ ಹಿಡಿದುಕೊಳ್ಳಿ.

ತಪ್ಪು ನನ್ನದೂ ಇದೆ. ಕೆಲವು ವರ್ಷದ ಹಿಂದೆ ಒಂದು ರಕ್ತದಾನ ಶಿಬಿರದಲ್ಲಿ ಕಾಲೇಜು ಹುಡುಗನೊಬ್ಬ ಮಲಗಿದ್ದ. ತೆಗೆಯುವುದು 350 ಮಿಲಿ, ಹತ್ತು ನಿಮಿಷದ ಕೆಲಸ. ಚೀಲ ಅರ್ಧ ತುಂಬುವ ಹೊತ್ತಿಗೆ ಅವನ ತುಟಿ ಬೆಳ್ಳಗಾಯಿತು. ಮಾತಾಡಿಸುತ್ತಾ ಇದ್ದರೆ ಕೆಲವರು ತಲೆ ತಿರುಗಿ ಬೀಳುವುದಿಲ್ಲ. ನನ್ನ ಬಾಯಿಗೆ ಬಂದದ್ದು ಮರ್ಸಿ ಬ್ರೌನ್ ಕಥೆ.

ಕಥೆಯಲ್ಲ, ನಡೆದದ್ದು. ಅಮೆರಿಕದ ರೋಡ್ ಐಲೆಂಡಿನ ಎಕ್ಸೆಟರ್ ಎಂಬ ಹಳ್ಳಿ. ಬ್ರೌನ್ ಅವರ ಮನೆಯಲ್ಲಿ ಮೊದಲು ತಾಯಿ ಹೋದಳು, ಆಮೇಲೆ ದೊಡ್ಡ ಮಗಳು. 1892ರ ಜನವರಿಯಲ್ಲಿ ಹತ್ತೊಂಬತ್ತು ವರ್ಷದ ಮರ್ಸಿ. ಆ ಹೊತ್ತಿಗೆ ಅಣ್ಣ ಎಡ್ವಿನ್ ಕೂಡ ಹಾಸಿಗೆ ಹಿಡಿದಿದ್ದ. ಸತ್ತವರಲ್ಲಿ ಯಾರೋ ಒಬ್ಬರು ಇವನ ಜೀವ ಹೀರುತ್ತಿದ್ದಾರೆ ಎಂದು ಊರವರು ಹೇಳಿದರು. ಮಾರ್ಚ್ 17ರಂದು ಮೂವರ ಹೆಣವನ್ನೂ ತೆಗೆದು ನೋಡಿದರು. ತಾಯಿ, ಅಕ್ಕ ಹೆಚ್ಚುಕಡಿಮೆ ಮೂಳೆಯಾಗಿದ್ದರು. ಎರಡು ತಿಂಗಳಾದರೂ ಮರ್ಸಿ ಇದ್ದ ಹಾಗೇ ಇದ್ದಳು, ಹೃದಯದಲ್ಲಿ ರಕ್ತ ಇತ್ತು. ಸಿಕ್ಕಿಬಿದ್ದಳು ಅಂದುಕೊಂಡರು. ಹೃದಯ ಸುಟ್ಟು, ಬೂದಿಯನ್ನು ನೀರಿನಲ್ಲಿ ಕಲಸಿ ಅಣ್ಣನಿಗೆ ಕುಡಿಸಿದರು. ಎರಡು ತಿಂಗಳಲ್ಲಿ ಅವನೂ ಸತ್ತ.

ಅಲ್ಲಿದ್ದ ಡಾಕ್ಟರು ಹೇಳಿದ್ದರು, ಇದರಲ್ಲಿ ವಿಶೇಷ ಏನಿಲ್ಲ ಅಂತ. ಚಳಿಗಾಲ, ಹೆಣ ಬೇಗ ಕೆಡುವುದಿಲ್ಲ. ಸತ್ತ ಮೇಲೆ ಹೆಪ್ಪುಗಟ್ಟಿದ ರಕ್ತ ಮತ್ತೆ ನೀರಾಗುವುದೂ ಉಂಟು. ಆ ಮನೆಯನ್ನು ಹೀರುತ್ತಿದ್ದದ್ದು ಕ್ಷಯ. ಅದರ ಬ್ಯಾಕ್ಟೀರಿಯಾ ಸಿಕ್ಕಿದೆ ಎಂದು ರಾಬರ್ಟ್ ಕಾಖ್ ಬರ್ಲಿನ್ನಿನಲ್ಲಿ ಹೇಳಿದ್ದು 1882ರ ಮಾರ್ಚ್ 24ರಂದು. ಅಂದರೆ ಆ ಹೃದಯ ಸುಡುವ ಹೊತ್ತಿಗೆ ಹತ್ತು ವರ್ಷಕ್ಕೆ ಒಂದೇ ವಾರ ಕಡಿಮೆ. ಮೈಕ್ರೋಸ್ಕೋಪಿನಲ್ಲಿ ಕಫದ ಸ್ಲೈಡ್ ಇಟ್ಟು ನೋಡುವಾಗ ನನಗೆ ಈ ಒಂದು ವಾರ ಯಾವಾಗಲೂ ನೆನಪಾಗುತ್ತದೆ.

ಹುಡುಗ ತಲೆ ತಿರುಗಿ ಬೀಳಲಿಲ್ಲ. ಬಿಸ್ಕೆಟ್ ತಿಂದು, ಜ್ಯೂಸ್ ಕುಡಿದು, "ಹಾಗಾದ್ರೆ ಆತ್ಮ ಇಲ್ವಾ ಮೇಡಂ?" ಎಂದ. ಕಾರವಾರ ಎಷ್ಟು ದೊಡ್ಡ ಊರು? ವಾರದೊಳಗೆ ನಾನು "ದೆವ್ವದ ವಿಷಯ ಗೊತ್ತಿರುವ ಮೇಡಂ" ಆದೆ.

ಆಮೇಲೆ ವಾಟ್ಸಾಪ್ ಶುರುವಾಯಿತು. ಆತ್ಮದ ತೂಕ 21 ಗ್ರಾಂ ಅಂತೆ, ವಿಜ್ಞಾನಿಯೇ ತೂಗಿದ್ದಂತೆ. ಹೌದು, ಡಂಕನ್ ಮ್ಯಾಕ್‌ಡೂಗಲ್ ಎಂಬ ಡಾಕ್ಟರು ತೂಗಿ 1907ರಲ್ಲಿ ಪ್ರಕಟಿಸಿದ್ದು. ಒಟ್ಟು ಆರು ರೋಗಿಗಳು. 21 ಗ್ರಾಂ ಬಂದದ್ದು ಒಬ್ಬರದ್ದು. ಆರರಲ್ಲಿ ಒಂದು ರೀಡಿಂಗ್ ಹಿಡಿದುಕೊಂಡು ನಾನು ರಿಪೋರ್ಟ್ ಕೊಟ್ಟರೆ ನಮ್ಮ ಡಾಕ್ಟರು ನನ್ನನ್ನು ಮನೆಗೆ ಕಳಿಸುತ್ತಾರೆ. ಆಮೇಲೆ ಹದಿನೈದು ನಾಯಿಗಳನ್ನೂ ತೂಗಿದ. ತೂಕ ಇಳಿಯಲಿಲ್ಲ, ಹಾಗಾಗಿ ನಾಯಿಗೆ ಆತ್ಮ ಇಲ್ಲ ಅಂದುಕೊಂಡ. ನಮ್ಮ ಮನೆಯ ಕರಿಯನನ್ನು ನೋಡಿದವರು ಯಾರೂ ಆ ಮಾತು ಒಪ್ಪುವುದಿಲ್ಲ.

ರಕ್ತ ಕುಡಿಯುವವರೇ ಬೇಕು ಅಂದರೆ ದೂರ ಹೋಗಬೇಕಾಗಿಲ್ಲ. ರಕ್ತ ಕುಡಿಯುವ ಬಾವಲಿ ಅಮೆರಿಕ ಖಂಡಗಳಲ್ಲಿ ಬಿಟ್ಟರೆ ಎಲ್ಲೂ ಇಲ್ಲ. ಆದರೆ ನಮ್ಮ ಘಟ್ಟದ ಮೇಲೆ ಉಂಬಳ, ಅಂದರೆ ಜಿಗಣೆ, ಇದೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ರಕ್ತ ಹೆಪ್ಪುಗಟ್ಟದ ಹಾಗೆ ಔಷಧಿ ಬಿಟ್ಟು, ಹೊಟ್ಟೆ ತುಂಬಿದ ಮೇಲೆ ತಾನೇ ಉದುರುತ್ತದೆ. ಎಷ್ಟೋ ಸಭ್ಯ ಪ್ರಾಣಿ. ಉಣುಗು, ಅಂದರೆ ಉಣ್ಣೆ, ಹಾಗಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಆ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಸಿದ್ದಾಪುರದ ಕಡೆ ಜನ ಇವತ್ತಿಗೂ ಅದರಿಂದ ಸಾಯುತ್ತಾರೆ. ಈ ಎಳ್ಳುಕಾಳಿನಷ್ಟು ಪ್ರಾಣಿ ಬಗ್ಗೆ ಯಾರೂ ನನ್ನನ್ನು ರಾತ್ರಿ ಹತ್ತಕ್ಕೆ ಫೋನ್ ಮಾಡಿ ಕೇಳಿಲ್ಲ.

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಸತ್ತವರಿಗೆ ಹಸಿವಾಗುತ್ತದೆ ಎಂದು ಎಲ್ಲ ಊರಿನವರೂ ಯಾಕೆ ಅಂದುಕೊಂಡರು? ಸರ್ಬಿಯಾದ ಹಳ್ಳಿಗಳಲ್ಲೂ ಅದೇ. ಬಾಯಲ್ಲಿ ರಕ್ತ ಇದೆ, ಉಗುರು ಬೆಳೆದಿದೆ ಎಂದು ಸೈನ್ಯದ ಡಾಕ್ಟರುಗಳೇ 1732ರಲ್ಲಿ ವರದಿ ಬರೆದರು. ಒಳಗೆ ಗ್ಯಾಸ್ ತುಂಬಿ ಬಾಯಿಂದ ದ್ರವ ಬಂದಿರುತ್ತದೆ, ಚರ್ಮ ಸುಕ್ಕಾಗಿ ಹಿಂದೆ ಸರಿದು ಉಗುರು ಉದ್ದ ಕಾಣುತ್ತದೆ. ಅವರಿಗೆ ಕಂಡದ್ದು ಮಾತ್ರ ಹೊಟ್ಟೆ ತುಂಬಿದ ಹೆಣ. ಹಸಿದವನು ಬಾಗಿಲಿಗೆ ಬಂದರೆ ಅವರು ಎದೆಗೆ ಗೂಟ ಹೊಡೆದರು. ನಾವು "ನಾಳೆ ಬಾ" ಎಂದು ಬಾಗಿಲ ಮೇಲೆ ಬರೆದು ಸಾಗಹಾಕಿದೆವು. ಇಲ್ಲವೇ ಎಲೆ ಹಾಕಿ ಅನ್ನ ಬಡಿಸಿದೆವು.

ಅನ್ನದ ವಿಷಯ ಬಂತಲ್ಲ. ಮೂರು ವರ್ಷದ ಹಿಂದೆ ಶಿರಸಿ ಹತ್ತಿರ ನಮ್ಮ ಊರಿನಲ್ಲಿ ಅಜ್ಜಿ ತೀರಿಕೊಂಡಳು. ಅವಳಿಗೆ ಶುಗರ್ ಇತ್ತು. ರಜೆಗೆ ಹೋದಾಗಲೆಲ್ಲ ನಾನು ಮಷೀನ್ ಹಿಡಿದುಕೊಂಡು ಹೋಗುತ್ತಿದ್ದೆ. "ಬಂತು ನೋಡು ಉಂಬಳ" ಎನ್ನುತ್ತಾ ಬೆರಳು ಚಾಚುತ್ತಿದ್ದಳು. ಸಿಹಿ ಪೂರ್ತಿ ಬಂದ್ ಮಾಡಿಸಿದವಳು ನಾನೇ. ಆದರೂ ಶುಗರಿನ ಮೂರು ತಿಂಗಳ ಸರಾಸರಿ ಮಾತ್ರ ಒಂದು ಸಲವೂ ಇಳಿಯಲಿಲ್ಲ. ಯಾಕೆ ಅಂತ ನನಗೆ ಗೊತ್ತಾಗುತ್ತಿರಲಿಲ್ಲ.

ಹತ್ತನೇ ದಿನ ತೋಟದ ಅಂಚಿನಲ್ಲಿ ಪಿಂಡ ಇಟ್ಟರು. ಕಾಗೆ ಹಲಸಿನ ಮರದಲ್ಲೇ ಇತ್ತು, ಕೆಳಗೆ ಇಳಿಯಲಿಲ್ಲ. ಆಸೆ ಉಳಿದಿದೆ ಎಂದರು ಭಟ್ರು. ಶುರುವಾಯಿತು ನೋಡಿ. ತೋಟ ಪಾಲು ಮಾಡುವುದಿಲ್ಲ ಎಂದರು ಅಪ್ಪಯ್ಯ. ಕಾಗೆ ಕೊಕ್ಕು ಉಜ್ಜಿಕೊಂಡಿತು. ಮನೆಗೆ ಹೊಸ ಹಂಚು ಹಾಕಿಸುತ್ತೇವೆ. ಇಲ್ಲ. ದೊಡ್ಡಪ್ಪ ಕೈ ಮುಗಿದು, "ಕೂಸಿನ ಮದುವೆ ಮಾಡ್ತ್ಯ, ಬಾ ಆಯಿ" ಎಂದು ಕೂಗಿದರು. ಕೂಸು ಅಂದರೆ ನಾನು. ಆಗ ಮೂವತ್ತೊಂದು ವರ್ಷ. ಎಲ್ಲರೂ ತಿರುಗಿ ನನ್ನನ್ನು ನೋಡಿದರು, ಕಾಗೆಯೂ ನೋಡಿತು. ಬರಲಿಲ್ಲ. ಅಜ್ಜಿಯ ಮೇಲೆ ನನಗೆ ಇದ್ದ ಗೌರವ ಇನ್ನಷ್ಟು ಜಾಸ್ತಿಯಾಯಿತು.

ಅರ್ಧ ಗಂಟೆಯಾದರೂ ನಮಗೆ ಇನ್ನೊಂದು ಆಸೆ ಹೊಳೆಯಲಿಲ್ಲ. ಎಂಬತ್ತಾರು ವರ್ಷ ಬದುಕಿದವಳು. ಅವಳಿಗೆ ಏನು ಬೇಕಿತ್ತು ಎಂದು ಇಪ್ಪತ್ತು ಜನಕ್ಕೆ ಗೊತ್ತಿಲ್ಲ. ಕೊನೆಗೆ ಚಿಕ್ಕಮ್ಮ ನನ್ನ ಕಿವಿಯಲ್ಲಿ, "ಅತ್ತೆಯ ಪೆಟ್ಟಿಗೆ ನೋಡಿದ್ಯಾ?" ಎಂದಳು.

ಓಡಿದೆ. ಸೀರೆಗಳ ಕೆಳಗೆ ಹಳೆಯ ಹಾಲಿನಪುಡಿ ಡಬ್ಬ. ಒಳಗೆ ಪೇಪರ್ ಹಾಸಿ ಇಟ್ಟ ಒಂಬತ್ತು ತೊಡದೇವು, ನಮ್ಮ ಕಡೆಯ ಬೆಲ್ಲದ ಸಿಹಿ. ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತೆಳು, ಒಂದರ ಮೂಲೆ ಮುರಿದಿತ್ತು. ಮೂರು ತಿಂಗಳ ಸರಾಸರಿ ಅಲ್ಲಿತ್ತು. ಮುರಿದದ್ದನ್ನೇ ತಂದು ಪಿಂಡದ ಪಕ್ಕ ಇಟ್ಟೆ. ಸೈನ್ಸ್ ಓದಿದವಳು, ಏದುಸಿರು ಬಿಡುತ್ತಾ.

ಕಾಗೆ ಇಳಿಯಿತು. ತೊಡದೇವನ್ನು ಕಚ್ಚಿಕೊಂಡು ಹಾರಿತು. ಪಿಂಡವನ್ನು ತಿರುಗಿಯೂ ನೋಡಲಿಲ್ಲ.

ಇದನ್ನು ಲೆಕ್ಕಕ್ಕೆ ಹಿಡಿಯಬಹುದಾ ಎಂದು ದೊಡ್ಡಪ್ಪನಿಗೂ ಭಟ್ರಿಗೂ ಊಟದ ತನಕ ವಾದ ನಡೆಯಿತು. ಕಾಲು ಎಲೆಗೆ ತಾಗಿದೆ, ಆಯಿತು ಎಂದರು ಭಟ್ರು, ಅವರಿಗೆ ಹಸಿವಾಗಿತ್ತು. ಉಳಿದ ಎಂಟನ್ನು ಸಂಜೆ ಚಾ ಜೊತೆ ನಾವು ತಿಂದೆವು. ತುಪ್ಪ ಸ್ವಲ್ಪ ಕಮಟಾಗಿತ್ತು. ಅಪ್ಪಯ್ಯ ಎರಡು ತಿಂದರು. ಅವರದ್ದೂ ಶುಗರ್ ಇದೆ. ಮಷೀನ್ ನನ್ನ ಬ್ಯಾಗಿನಲ್ಲೇ ಇತ್ತು, ತೆಗೆಯಲಿಲ್ಲ.