ಎರಡನೇ ರಹಸ್ಯದ ಹೊತ್ತಿಗೆ

ಅಕ್ಟೋಬರ್ ಅಂದರೆ ನಮಗೆ, ಕಥೋಲಿಕರಿಗೆ, ಜಪಸರದ ತಿಂಗಳು. ಮಣಿ ಎಣಿಸುತ್ತಾ ಯೇಸುವಿನ ತಾಯಿ ಮರಿಯಮ್ಮನವರನ್ನು ನೆನೆಯುವ ಪ್ರಾರ್ಥನೆ ಅದು. 7ನೇ ತಾರೀಖು ಜಪಸರ ಮಾತೆಯ ಹಬ್ಬ. ಹಾಸನದ ಕಡೆಯವಳಾದ ನನಗೆ ಆ ಹೆಸರು ಕೇಳಿದರೆ ಅದೇ ಹೆಸರಿನ, ಶೆಟ್ಟಿಹಳ್ಳಿಯ ಹಳೇ ರೋಸರಿ ಚರ್ಚೇ ಕಣ್ಣ ಮುಂದೆ ಬರುತ್ತದೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಊರು ಖಾಲಿಯಾಯಿತು. ಮಳೆಗಾಲದಲ್ಲಿ ನೀರು ಗೋಡೆ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ.

ಹೋದ ಏಪ್ರಿಲ್‌ನಲ್ಲಿ ಅಲ್ಲಿಗೆ ಹೋಗಿದ್ದೆ. ಕರೆಯೋಕೆ ಗಂಟೆಯೇ ಇಲ್ಲದ ಚರ್ಚು. ಕಮಾನಿನ ಕೆಳಗೆ ನಿಂತು, "ಸ್ವಾಮಿ, ನಿನ್ನ ದನಿ ನನಗೂ ಕೇಳಿಸಲಿ" ಅಂತ ಬೇಡಿಕೊಂಡೆ. ಹರಕೆಯನ್ನೂ ಹೊತ್ತೆ. ಅಕ್ಟೋಬರ್ ಪೂರ್ತಿ ಸಂಜೆ ಏಳಕ್ಕೆ ಕೂತು ಜಪಸರ ಮುಗಿಸುತ್ತೇನೆ, ನಡುವೆ ಏಳುವುದಿಲ್ಲ ಅಂತ.

ಮೊದಲ ವಾರ ಚೆನ್ನಾಗಿ ನಡೆಯಿತು. ಜಪಸರದಲ್ಲಿ ಹತ್ತು ಹತ್ತು ಮಣಿಗೆ ಯೇಸು, ಮರಿಯಮ್ಮನವರ ಬದುಕಿನ ಒಂದೊಂದು ಘಟನೆಯನ್ನು ಧ್ಯಾನಿಸುತ್ತೇವೆ, ಅದನ್ನೇ ರಹಸ್ಯ ಅನ್ನುವುದು. ಎರಡನೇ ಸೋಮವಾರ, ಸಂತೋಷದ ರಹಸ್ಯಗಳ ದಿನ. ಎರಡನೆಯದಕ್ಕೆ ಬಂದಿದ್ದೆ. ಮರಿಯಮ್ಮನವರು ಎಲಿಜಬೇತಮ್ಮನನ್ನು ನೋಡಲು ಹೋದದ್ದು. ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆ ಅಜ್ಜಿಯ ದನಿ: "ಇದ್ದೀಯೇನವ್ವಾ?"

ಓಗೊಡಲಿಲ್ಲ. ಪ್ರಾರ್ಥನೆಯಲ್ಲಿದ್ದೇನೆ ಅಂತ ಗೊತ್ತಾಗಲಿ ಅಂತ ಜಪವನ್ನೇ ಸ್ವಲ್ಪ ಜೋರಾಗಿ ಹೇಳಿದೆ. ಅಜ್ಜಿ ಇನ್ನೊಂದು ಸಲ ಕೂಗಿ ಸುಮ್ಮನಾದರು.

ಬಾಯಲ್ಲಿ ನಮೋ ಮರಿಯಾ ನಡೆಯುತ್ತಿತ್ತು. ಮನಸ್ಸು ಮಾತ್ರ ಬೈಬಲ್ಲಿನ ಲೂಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಸಿಕ್ಕಿಕೊಂಡಿತು. ಯೇಸು ಹುಟ್ಟುವ ಸುದ್ದಿ ತಂದ ದೇವದೂತ ಎಲಿಜಬೇತಮ್ಮನ ವಿಷಯ ಮರಿಯಮ್ಮನವರಿಗೆ ಏನು ಹೇಳಿದ? ನಿನ್ನ ಬಂಧು ಎಲಿಜಬೇತಳಿಗೂ ಮುಪ್ಪಿನಲ್ಲಿ ಗರ್ಭ ನಿಂತಿದೆ, ಈಗ ಆರನೇ ತಿಂಗಳು ಅಂದ. ಅಷ್ಟೇ. ಹೋಗಿ ನೋಡಿಕೋ ಅನ್ನಲಿಲ್ಲ. ಬರೀ ಸುದ್ದಿ. ಮರಿಯಮ್ಮನವರಿಗೆ ಆ ಸುದ್ದಿಯಲ್ಲೇ ಕರೆ ಕೇಳಿಸಿತು. ವಯಸ್ಸಾದ ಬಸುರಿ, ಕೈಗೊಬ್ಬರು ಬೇಕು ಅಲ್ವಾ? ತಡಮಾಡದೆ ಬೆಟ್ಟದ ಸೀಮೆಗೆ ಹೊರಟರು. ಸುಮಾರು ಮೂರು ತಿಂಗಳು ಅಲ್ಲೇ ಉಳಿದರು. ತಮ್ಮ ಹೊಟ್ಟೆಯಲ್ಲೇ ದೇವರ ಮಗನಿದ್ದಾಗ!

ನನಗೂ ಸುದ್ದಿ ಗೊತ್ತಿತ್ತು. ಅಜ್ಜಿಗೆ ಕಣ್ಣಿನ ಪೊರೆ ಆಪರೇಷನ್ ಆಗಿದ್ದು, ಜೊತೆಗಿದ್ದ ಮಗ ಭಾನುವಾರ ರಾತ್ರಿ ಬೆಂಗಳೂರಿಗೆ ವಾಪಸ್ ಹೋಗಿದ್ದು, ಎಲ್ಲ ಗೊತ್ತಿತ್ತು. ದೇವರ ದನಿ ಕೇಳಬೇಕು ಅಂತ ಹೇಮಾವತಿ ದಡದವರೆಗೂ ಹೋಗಿ ಬೇಡಿದವಳು, ಪಕ್ಕದ ಮನೆಯಿಂದ ಬಂದ ದನಿಯನ್ನು ಅಡ್ಡಿ ಅಂದುಕೊಂಡೆ. ಬರೆಯುವಾಗ ಈಗಲೂ ಸಂಕಟವಾಗುತ್ತದೆ. ಬೈಬಲ್ಲಿನ ಬಾಲಕ ಸಮುವೇಲನೂ ದೇವರು ಕರೆದಾಗ ಮುದುಕ ಯಾಜಕ ಏಲಿಯೇ ಕರೆದ ಅಂದುಕೊಂಡಿದ್ದ. ಆದರೂ ಮೂರು ಸಲವೂ ಎದ್ದು ಓಡಿದ. ಯಾರ ದನಿ ಅಂತ ತಿಳಿದದ್ದು ಆಮೇಲೆ.

ಜಪಸರ ಹಿಡಿದೇ ಎದ್ದೆ.

ಅಜ್ಜಿ ಜಗುಲಿಯಲ್ಲಿ ಕೂತಿದ್ದರು. ಕಪ್ಪು ಕನ್ನಡಕ, ಮಡಿಲಲ್ಲಿ ಎರಡು ಪುಟ್ಟ ಬಾಟಲಿ. "ನಾನೇ ಹಾಕ್ಕೊಂಡ್ರೆ ಕೆನ್ನೆ ಮೇಲೆ ಬೀಳುತ್ತೆ ಕಣವ್ವ" ಅಂದರು. ಕೈ ತೊಳೆದು ಬಂದು ಮೊದಲ ಡ್ರಾಪ್ಸ್ ಹಾಕಿದೆ. ಇನ್ನೊಂದಕ್ಕೆ ಐದು ನಿಮಿಷ ಬಿಡಬೇಕು. ಕಣ್ಣು ಮುಚ್ಚಿ ಗೋಡೆಗೆ ಒರಗಿದವರ ಕೈಗೆ ನನ್ನ ಜಪಸರ ತಗುಲಿತು. "ಪೂಜೇಲಿ ಕೂತಿದ್ಯಾ? ಇಲ್ಲೇ ಹೇಳವ್ವ, ನಾನೂ ಕೇಳ್ತೀನಿ."

ಐದು ನಿಮಿಷಕ್ಕೆ ಹತ್ತು ಮಣಿ ಸರಿಹೋಗುತ್ತದೆ. ಎರಡನೇ ರಹಸ್ಯವನ್ನು ಮೊದಲಿನಿಂದ ಶುರು ಮಾಡಿದೆ.